ಮಲಗಿಸಿದ ಸಿಲಿಂಡರ್

ನೇಪರ್‌ವಿಲ್,
ಮೇ ೧೮, ಭಾನುವಾರ

ನಮ್ಮ ಮನೆಯ ಡಾಕ್ಟರಮ್ಮ ಪವಿತ್ರಳಿಗೆ ನಿನ್ನ ಅತ್ತೆ ಕಾಳಮ್ಮ ಪ್ರೀತಿಯಿಂದ ಬರೆಯುವುದು.

ಹೇಗಿದ್ದೀಯಮ್ಮ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಆಸ್ಪತ್ರೆಯ ಮೆಷಿನ್ನಿಗೆ ಕಾರ್ಡು ತೋರಿಸಿ ಬೀಳಿಸಿಕೊಳ್ಳುವ ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದೀಯೋ? ನಿಂತು ನಿಂತು ಕಾಲು ಊದುತ್ತದೆ ಅಂದಿದ್ದೆಯಲ್ಲ, ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಇಟ್ಟುಕೋ. ಡಾಕ್ಟರಿಗೇ ಮದ್ದು ಹೇಳುತ್ತಾಳಲ್ಲ ಮುದುಕಿ ಅಂತ ನಗಬೇಡ. ನಾನು ಚೆನ್ನಾಗಿದ್ದೇನೆ. ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಮಂಡಿ ಮಾತ್ರ ಈ ಮನೆಯ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಇಂಚರಳಿಗೆ ಕೆಳಗಿನ ಇನ್ನೊಂದು ಹಲ್ಲೂ ಬಿತ್ತು. ಸೂರಿನ ಮೇಲೆ ಎಸೆಯೋಣ ಬಾರೇ ಅಂದರೆ "ಅಜ್ಜೀ, ದಟ್ಸ್ ಸೋ ವಿಯರ್ಡ್" ಅಂತ ಮೂತಿ ತಿರುಗಿಸಿ, ಹಲ್ಲನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಹುಬ್ಬು ಪೂರ್ತಿ ಬಂದಿದೆ. ಮುಂದಲೆಯ ಕೂದಲು ಒಂದು ಬೆರಳಿನಷ್ಟು ಬೆಳೆದಿದೆ. ವಿಡಿಯೋದಲ್ಲಿ ನಿನಗೆ ಸರಿಯಾಗಿ ಕಾಣುವುದಿಲ್ಲವೇನೋ ಅಂತ ಇದನ್ನು ಬರೆದೆ.

ಫೋನಿರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾನು ಗ್ಯಾಸ್ ಅಂತ ಬಾಯಿ ತೆರೆಯುವಷ್ಟರಲ್ಲಿ ನೀನು "ಅತ್ತೆ, ಆ ವಿಷ್ಯ ಬೇಡ, ರೌಂಡ್ಸಿಗೆ ಕರೀತಿದಾರೆ" ಅನ್ನುತ್ತೀಯ. ಏಳು ವಾರದಿಂದ ನಿನಗೆ ರೌಂಡ್ಸೋ ರೌಂಡ್ಸು. ಕಾಗದವಾದರೆ ನಡುವೆ ಕಟ್ ಮಾಡಲಾಗುವುದಿಲ್ಲ. ಮಡಚಿಟ್ಟರೂ ಮತ್ತೆ ಬಿಚ್ಚಿ ಓದಲೇಬೇಕು. ಬೋಲಿಂಗ್‌ಬ್ರೂಕಿನ ದಾನಪ್ಪ ಗೊತ್ತಲ್ಲ, ಸಂಕ್ರಾಂತಿ ಊಟದ ದಿನ ಜೋಳದ ರೊಟ್ಟಿ ಬಡಿದು ಎಲ್ಲರ ಬಾಯಿ ಮುಚ್ಚಿಸಿದ ಬಾಗಲಕೋಟೆಯವನು? ಅವನು ಅಲ್ಲಿನ ಗೋದಾಮಿನಿಂದ ಡೆಟ್ರಾಯಿಟ್ ಕಡೆಗೆ ವಾರಕ್ಕೆರಡು ಸಲ ಲಾರಿ ಓಡಿಸುತ್ತಾನೆ. ಇವತ್ತು ಸಾಯಂಕಾಲ ಹೊರಡುತ್ತಾನಂತೆ, ನೀನಿರುವ ಆನ್ ಆರ್ಬರ್ ದಾರಿಯಲ್ಲೇ ಸಿಗುತ್ತದಂತೆ. ಈ ಕಾಗದ ಮತ್ತು ಒಂದು ಡಬ್ಬ ಹುರಿಗಡಲೆ ಚಟ್ನಿಪುಡಿ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಚಟ್ನಿಪುಡಿಯನ್ನು ನಿನ್ನ ರೂಮಿನಲ್ಲಿರುವ ಆ ಇನ್ನೊಬ್ಬ ಡಾಕ್ಟರ್ ಹುಡುಗಿಗೂ ಕೊಡು, ಪಾಪ.

ಈಗ ನಿನಗೆ ಬೇಡವಾದ ವಿಷಯಕ್ಕೇ ಬರುತ್ತೇನೆ. ನಮ್ಮ ಡಬ್ಬಿಯ ವಿಷಯ. ಡಬ್ಬಿ ಅಂತ ಹೆಸರಿಟ್ಟವಳು ನೀನೇ. ಹೋದ ವರ್ಷ ನಿರಂಜನ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸುವ ಒಲೆ, ಹಾಸಿಗೆ ಎಲ್ಲ ಇರುವ ಆ ಹಳೇ ಕ್ಯಾಂಪರನ್ನು ತಂದು ಮನೆಯ ಮುಂದೆ ನಿಲ್ಲಿಸಿದಾಗ "ಅಲ್ಲ ನಿರು, ನಮ್ಮ ಇಂಚುಗಿಂತ ಇಪ್ಪತ್ತು ವರ್ಷ ದೊಡ್ದು ಈ ಡಬ್ಬಿ!" ಅಂದೆಯಂತೆ. ಆದರೂ ಅದೇ ಡಬ್ಬಿ ನಿಮ್ಮ ಮೂವರಿಗೂ ಶನಿವಾರದ ಮನೆ ಆಯಿತು. ನಿನಗೆ ವಾರಕ್ಕೆ ಒಂದು ದಿನ ರಜೆ, ಅದೂ ಬಿಡುವಾದರೆ. ನೀನಿರುವ ರೂಮಿನಲ್ಲಿ ಇನ್ನೊಂದು ಮಂಚ ಹಾಕಲು ಜಾಗವಿಲ್ಲ. ಇವರಿಬ್ಬರೂ ಶನಿವಾರ ಬೆಳಿಗ್ಗೆ ಹೊರಟು ನಾಲ್ಕು ಗಂಟೆ ಡ್ರೈವ್ ಮಾಡಿ, ಮಿಶಿಗನ್ ಗಡಿ ದಾಟುತ್ತಲೇ ಒಂದು ಗಂಟೆ ಮುಂದೆ ಓಡಿಬಿಡುವ ಗಡಿಯಾರವನ್ನು ಬೈದುಕೊಂಡು, ಊರಾಚೆಯ ಆ ಕ್ಯಾಂಪ್‌ಗ್ರೌಂಡಿನಲ್ಲಿ ಡಬ್ಬಿ ನಿಲ್ಲಿಸಿ ಕಾಯುತ್ತಿದ್ದರು. ಜನವರಿಯಲ್ಲಿ ಬಂದ ಮೇಲೆ ನಾನೂ ನಾಲ್ಕು ಸಲ ಹೋದೆ. ನೀನು ಡ್ಯೂಟಿ ಮುಗಿಸಿ ಬಂದವಳೇ ಶೂ ಬಿಚ್ಚಿ ಮೇಲಿನ ಅಟ್ಟ ಹತ್ತಿ, ಇಂಚುವನ್ನು ಹೊಟ್ಟೆಗೆ ಅವುಚಿಕೊಂಡು ನಿದ್ದೆ ಹೋಗುತ್ತಿದ್ದೆ. ಅವಳಪ್ಪ ಕೆಳಗೆ ಕೂತು ಸದ್ದಿಲ್ಲದೆ ಈರುಳ್ಳಿ ಹೆಚ್ಚುತ್ತಿದ್ದ. ಆ ಜಾಗದಲ್ಲಿ ಮೂರು ಜನ ನಿಂತರೆ ನಾಲ್ಕನೆಯವರು ಕೂರಲೇಬೇಕು, ಆದರೂ ನನಗೆ ಅದು ಇಕ್ಕಟ್ಟು ಅನ್ನಿಸಲಿಲ್ಲ.

ಇಕ್ಕಟ್ಟು ಇದ್ದದ್ದು ಗ್ಯಾಸಿಗೆ. ಆ ಕ್ಯಾಂಪರಿಗೆ ಬಂದದ್ದು ಹತ್ತು ಪೌಂಡಿನ ಸಿಲಿಂಡರ್. ಹೆಚ್ಚು ಕಡಿಮೆ ನಮ್ಮೂರಿನ ಐದು ಕೆಜಿ ಸಿಲಿಂಡರಿನಷ್ಟೇ, ಹಾಸ್ಟೆಲ್ ಹುಡುಗರು ಮೊಟ್ಟೆ ಬೇಯಿಸಿಕೊಳ್ಳುವುದಕ್ಕೆ ಒಯ್ಯುತ್ತಾರಲ್ಲ ಅದು. ಅಡುಗೆಯೊಂದೇ ಆದರೆ ಸಾಲುತ್ತಿತ್ತು, ಆದರೆ ಆ ಚಳಿಯಲ್ಲಿ ಹೀಟರೂ ಅದೇ ಗ್ಯಾಸು ಕುಡಿಯಬೇಕಲ್ಲ. ಭಾನುವಾರ ಬೆಳಗಾಗುವಷ್ಟರಲ್ಲಿ ಪುಸ್ಸಂತ ನಿಲ್ಲುತ್ತಿತ್ತು. ಎರಡು ಭಾನುವಾರ ನೀನು ತಣ್ಣನೆಯ ಬ್ರೆಡ್ಡು ತಿಂದು ಡ್ಯೂಟಿಗೆ ಹೋದೆ. ಅದಕ್ಕೇ ನಿರಂಜನ ಇಪ್ಪತ್ತು ಪೌಂಡಿನ ದೊಡ್ಡ ಸಿಲಿಂಡರ್ ತಂದ. ಟೇಪು ಹಿಡಿದು ಸಿಲಿಂಡರ್ ಇಡುವ ಗೂಡಿನ ಉದ್ದ, ಅಗಲ, ಎತ್ತರ ಎಲ್ಲ ಬರೆದುಕೊಂಡಿದ್ದ ಮಹಾರಾಯ, ಸಿಲಿಂಡರಿನ ತಲೆಯ ಮೇಲಿರುವ ಕಬ್ಬಿಣದ ಬಳೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಗಲಕ್ಕೆ ಸರಿಹೋಯಿತು, ಎತ್ತರದಲ್ಲಿ ಎರಡೂವರೆ ಇಂಚು ಹೆಚ್ಚು. ಅದು ಗೊತ್ತಾದದ್ದು ಯುಗಾದಿ ದಿನ ಬೆಳಿಗ್ಗೆ, ಆ ಕ್ಯಾಂಪ್‌ಗ್ರೌಂಡಿನಲ್ಲಿ, ಚಿಕ್ಕ ಸಿಲಿಂಡರ್ ಖಾಲಿಯಾದ ಮೇಲೆ.

ಆಮೇಲೆ ಆದದ್ದನ್ನು ನಿರಂಜನ ನಿನಗೆ ಹೇಳಿದ್ದಾನೆ. ಸಿಲಿಂಡರನ್ನು ಗೂಡಿನಲ್ಲಿ ಅಡ್ಡ ಮಲಗಿಸಿ ಪೈಪು ಹಾಕಿದ್ದಾಯಿತು. ಕಣಕ, ಹೂರಣ ಎರಡೂ ನಾನು ನೇಪರ್‌ವಿಲ್‌ನಿಂದಲೇ ಮಾಡಿಕೊಂಡು ತಂದಿದ್ದೆ. ನೀನು ಡ್ಯೂಟಿಯಿಂದ ಹತ್ತಕ್ಕೆ ಬರುವವಳು, ಬಂದ ಕೂಡಲೇ ಕಾವಲಿಯಿಂದ ತೆಗೆದ ಬಿಸಿ ಒಬ್ಬಟ್ಟು ತಟ್ಟೆಗೆ ಹಾಕಬೇಕು ಅಂತ ನನ್ನ ಆಸೆ. ಮೊದಲ ಎರಡಕ್ಕೆ ಉರಿ ನೀಲಿಯಾಗಿ, ಶಿಸ್ತಾಗಿ ಬಂತು. ವಾಸನೆಗೆ ಎದ್ದ ಇಂಚು ಅಟ್ಟದಿಂದ ಇಳಿದು ಬಂದು ಸ್ಟೂಲು ಹತ್ತಿ ನನ್ನ ಪಕ್ಕ ನಿಂತಳು. ಮೂರನೆಯದನ್ನು ಮಗುಚಿ ಹಾಕುವಷ್ಟರಲ್ಲಿ ಬರ್ರಂತ ಸದ್ದಾಯಿತು, ಹಳದಿ ಉರಿ ಆಳೆತ್ತರ ಎದ್ದಿತು. ಕಿಟಕಿಯ ಪರದೆ ಹತ್ತಿಕೊಂಡಿತು. ಮಗುವಿನ ಮುಂದಲೆ ಚುರುಚುರು ಅಂತ ಸುಟ್ಟದ್ದು ನನ್ನ ಕಿವಿಗೆ ಕೇಳಿಸಿತು ಪವಿತ್ರಾ. ಅವಳನ್ನು ಎಳೆದುಕೊಂಡು ಹೇಗೆ ಕೆಳಗಿಳಿದೆನೋ ಗೊತ್ತಿಲ್ಲ. ನಿರಂಜನ ಓಡಿ ಬಂದು ಸಿಲಿಂಡರಿನ ವಾಲ್ವ್ ಮುಚ್ಚಿ, ಉರಿಯುವ ಪರದೆಯನ್ನು ಬರಿಗೈಯಲ್ಲಿ ಕಿತ್ತು ಹೊರಗೆಸೆದ. ನೀನು ಬಂದಾಗ ಇನ್ನೂ ಹೊಗೆ ಆರಿರಲಿಲ್ಲ. ಫೆಬ್ರವರಿ ಪೂರ್ತಿ ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳು ನೀನು. ಕೂದಲು ಸುಟ್ಟ ವಾಸನೆ ಮೂಗಿಗೆ ಬಿದ್ದಾಗ ನಿನ್ನ ಮುಖ ಹೇಗಾಯಿತು ಅನ್ನುವುದನ್ನು ನಾನು ನೋಡಿದೆ. ನೀನು ಮಗುವನ್ನು ನೆತ್ತಿಯಿಂದ ಹೆಬ್ಬೆರಳವರೆಗೆ ತಡವಿ ನೋಡಿದೆ. ಗಂಡನ ಕೈ ತೊಳೆದು, ಔಷಧಿ ಹಚ್ಚಿ ಪಟ್ಟಿ ಕಟ್ಟಿದೆ, ಒಂದು ಸಲವೂ ಅವನ ಮುಖ ನೋಡಲಿಲ್ಲ. "ನಾನೇ ಮಲಗ್ಸಿದ್ದು ಪವಿ, ಏನೂ ಆಗಲ್ಲ ಅನ್ಕೊಂಡೆ" ಅಂದ. ಅದಕ್ಕೆ ನೀನು "ನಿನ್ನ ನಂಬಿ ಮಗು ಬಿಟ್ಟು ಬಂದೆ" ಅಂದೆ. ಅಷ್ಟೇ. ಕೂಗಾಡಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ನೀನು ಫೋನಿನಲ್ಲಿ ಹೇಳಿದೆ: ಇಂಚು ಇನ್ನು ಆ ಡಬ್ಬಿಗೆ ಕಾಲಿಡಕೂಡದು, ಆಗಸ್ಟಿನಿಂದ ಅವಳನ್ನು ಆನ್ ಆರ್ಬರಿನ ಶಾಲೆಗೇ ಸೇರಿಸುತ್ತೇನೆ, ಬೇರೆ ಮನೆ ಹಿಡಿಯುತ್ತೇನೆ, ತುಮಕೂರಿನಿಂದ ನಮ್ಮಮ್ಮ ಬಂದಿರುತ್ತಾರೆ. ಮೇ ಕೊನೆಯೊಳಗೆ ಶಾಲೆಗೆ ಅಪ್ಲೈ ಮಾಡಬೇಕು ಅಂತಲೂ ಹೇಳಿದೆ. ನಿರಂಜನ "ಆಯ್ತು" ಅಂದ. ನಿನ್ನ ಟ್ರೈನಿಂಗ್ ಮುಗಿಯುವುದಕ್ಕೆ ಇನ್ನೂ ಎರಡು ವರ್ಷ. ಎರಡು ವರ್ಷ ಮಗು ಅವನ ಕಣ್ಣೆದುರಿಗೆ ಇರುವುದಿಲ್ಲ. ಫೋನಿಟ್ಟ ಮೇಲೆ ಅವನು ಇಂಚುವಿನ ಟಿಫಿನ್ ಡಬ್ಬಿಯನ್ನು ಎರಡೆರಡು ಸಲ ತೊಳೆದ. ನಿನ್ನನ್ನು ತಪ್ಪು ಅನ್ನುತ್ತಿಲ್ಲ ಕಣಮ್ಮ. ನನ್ನ ಮಗಳಾಗಿದ್ದರೂ ನಾನು ಅದನ್ನೇ ಮಾಡು ಅನ್ನುತ್ತಿದ್ದೆ.

ಆದರೆ ಸಿಲಿಂಡರ್ ಮಲಗಿಸುವ ಬುದ್ಧಿ ಈ ಮನೆಗೆ ಎಲ್ಲಿಂದ ಬಂತು ಅನ್ನುವುದು ನಿನಗೆ ಗೊತ್ತಿಲ್ಲ. ಹುಣಸೂರಿನ ಗ್ಯಾಸ್ ಏಜೆನ್ಸಿಯಲ್ಲಿ ನಾನು ಇಪ್ಪತ್ತಾರು ವರ್ಷ ಕೌಂಟರಿನಲ್ಲಿ ಕೂತವಳು. ಬುಕಿಂಗೂ ನಾನೇ, ಕಂಪ್ಲೇಂಟೂ ನಾನೇ. ಮೆಕ್ಯಾನಿಕ್ ರಜೆ ಹಾಕಿದರೆ ಬ್ಯಾಗು ಹಾಕಿಕೊಂಡು ವಾಷರ್ ಬದಲಾಯಿಸಲು ಹೋಗುವವಳೂ ನಾನೇ. ಓನರ್ ರವಿಶಂಕರಯ್ಯನವರು ಹೊಸ ಕನೆಕ್ಷನ್ ತೆಗೆದುಕೊಳ್ಳುವ ಹೆಂಗಸರನ್ನೆಲ್ಲ ನನ್ನ ಮುಂದೆ ಕೂರಿಸಿ "ಕಾಳಮ್ಮ, ಪಾಠ ಮಾಡಿ" ಅನ್ನುತ್ತಿದ್ದರು. ನಾನು ಮಾಡುತ್ತಿದ್ದೆ. ಸಿಲಿಂಡರಿನೊಳಗೆ ಕೆಳಗಡೆ ನೀರಿನ ಹಾಗೆ ಇರುತ್ತದೆ, ಮೇಲ್ಗಡೆ ಗ್ಯಾಸಿರುತ್ತದೆ, ನಿಂತಿದ್ದರೆ ಮೇಲಿನ ಗ್ಯಾಸು ಪೈಪಿಗೆ ಬರುತ್ತದೆ, ಮಲಗಿಸಿದರೆ ಕೆಳಗಿನ ನೀರೇ ಬರುತ್ತದೆ, ಒಂದು ಲೋಟ ನೀರು ಇನ್ನೂರೈವತ್ತು ಲೋಟ ಗ್ಯಾಸಾಗಿ ಉಬ್ಬುತ್ತದೆ, ಮನೆ ಹೋಗುತ್ತದೆ ಅಂತ. ಬಾಯಿಪಾಠ. ಗೋಡೆಯ ಮೇಲೆ ಕೆಂಪಕ್ಷರದಲ್ಲಿ "ಮಲಗಿಸಬೇಡಿ" ಅಂತ ಬರೆದು ಅಂಟಿಸಿದ್ದೂ ನಾನೇ.

ಮನೆಯಲ್ಲಿ? ನಿಮ್ಮ ಮಾವ ಹೋದ ಮೇಲೆ ನನ್ನದು ಒಂದೇ ಸಿಲಿಂಡರಿನ ಸಂಸಾರ. ಏಜೆನ್ಸಿಯವಳು ಸರದಿ ತಪ್ಪಿಸಿ ತೆಗೆದುಕೊಂಡಳು ಅಂತ ಯಾರೂ ಬೆರಳು ತೋರಿಸಬಾರದು ಅನ್ನುವ ಜಂಬ ಬೇರೆ. ತಿಂಗಳ ಕೊನೆಗೆ ಉರಿ ಸೊರಗಿದರೆ ಮೊದಲು ಸಿಲಿಂಡರ್ ಅಲ್ಲಾಡಿಸುತ್ತಿದ್ದೆ, ಆಮೇಲೆ ಬಿಸಿನೀರಿನ ಬೋಗುಣಿಯಲ್ಲಿ ಕೂರಿಸುತ್ತಿದ್ದೆ, ಅದಕ್ಕೂ ಬಗ್ಗದಿದ್ದರೆ ಮಲಗಿಸುತ್ತಿದ್ದೆ. ಹಾಗೆ ಎರಡು ದಿನದ ಅನ್ನ ಸಾರು ಆಗುತ್ತಿತ್ತು. ಊರಿನ ಅರ್ಧ ಮನೆಗಳಲ್ಲಿ ಅದನ್ನೇ ಮಾಡುತ್ತಿದ್ದರು ಬಿಡು, ನನ್ನೆದುರು ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೇ. ಖಾಲಿಯಾಗುತ್ತ ಬಂದ ಸಿಲಿಂಡರಿನ ತಳದಲ್ಲಿ ಬರುವುದಕ್ಕೆ ನೀರೇ ಉಳಿದಿರುವುದಿಲ್ಲ, ಹಾಗಾಗಿ ಒಂದು ದಿನವೂ ಏನೂ ಆಗಲಿಲ್ಲ. ಏನೂ ಆಗದೆ ಆಗದೆ ಕೈಯ ಭಯ ಹೊರಟುಹೋಯಿತು. ನಿರಂಜನನಿಗೆ ಆಗ ಹತ್ತು ವರ್ಷ, "ಅಮ್ಮ, ನಾನು ಮಲಗಿಸ್ಲಾ?" ಅಂತ ಓಡಿ ಬರುತ್ತಿದ್ದ. ಏಜೆನ್ಸಿಯಲ್ಲಿ ಮಾಡಿದ ಪಾಠ ಊರಿಗಾಯಿತು, ನನ್ನ ಮನೆ ಕಲಿತದ್ದು ಬೇರೆ. ತುಂಬಿದ ಸಿಲಿಂಡರನ್ನು ಮಲಗಿಸುವುದು ಬೇರೆ ಮಾತು ಅನ್ನುವುದನ್ನು ಆ ಮನೆಯಲ್ಲಿ ಯಾರೂ ಜೋರಾಗಿ ಹೇಳಲಿಲ್ಲ. ಆ ಬೆಂಕಿಯ ಮೂಲ ನನ್ನ ಅಡುಗೆಮನೆಯಲ್ಲಿದೆ, ನಿನ್ನ ಗಂಡನ ಬೇಜವಾಬ್ದಾರಿಯಲ್ಲಿ ಅಲ್ಲ.

ಈ ಏಳು ವಾರ ಅವನು ಏನು ಮಾಡಿದ ಅಂತ ಹೇಳುತ್ತೇನೆ, ಕೇಳು. ಮೊದಲು ಡಬ್ಬಿಯನ್ನು ಮಾರಿಬಿಡುತ್ತೇನೆ ಅಂದ. ನಾನು ಬಿಡಲಿಲ್ಲ. ಆಮೇಲೆ ಮಲಗಿಸುವುದಕ್ಕಂತಲೇ ಮಾಡಿದ ಒಂದು ಜಾತಿಯ ಸಿಲಿಂಡರ್ ಇಲ್ಲಿ ಸಿಗುತ್ತದೆ ಅಂತ ನೋಡಿ ಬಂದ. ನಾನು ಬಾಯಿ ಬಿಟ್ಟೆ, ಇಷ್ಟು ವರ್ಷ ಬೇಡ ಬೇಡ ಅಂತ ಕೂಗಿದ್ದನ್ನು ಇವರು ಅಚ್ಚುಕಟ್ಟಾಗಿ ಮಾಡಿ ಮಾರುತ್ತಿದ್ದಾರಲ್ಲ! ಅದರೊಳಗಿನ ನಳಿಗೆ ಗ್ಯಾಸಿರುವ ಮೇಲ್ಭಾಗಕ್ಕೇ ಹೋಗಿರುತ್ತದಂತೆ. ಆದರೆ ಅದು ನಮ್ಮ ಗೂಡಿಗೆ ಉದ್ದವಾಯಿತು. ಆಗ ದಾನಪ್ಪ ಬಂದ. ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬ್ಯಾಟರಿ ಬಿಟ್ಟು ನೋಡಿ, "ಇದರಾಗ ಏನೈತ್ರಿ ಅಕ್ಕಾರ, ಮ್ಯಾಗಿನ ಹಲಗಿ ಎರಡೂವರಿ ಇಂಚ ಎತ್ತಿದ್ರ ಆತು" ಅಂದ. ಮೇಲಿನ ಹಲಗೆಯ ಮೇಲೆ ಏನಿತ್ತು ಹೇಳು? ನಿನ್ನ ಚಮಚದ ಡ್ರಾಯರು. ಅದನ್ನು ಬಲಿ ಕೊಟ್ಟೆವು. ಈಗ ಚಮಚ, ಸೌಟು ಎಲ್ಲ ನಾನು ಹೊಲಿದ ಬಟ್ಟೆಯ ಜೇಬುಗಳಲ್ಲಿ ಬಾಗಿಲ ಹಿಂದೆ ನೇತಾಡುತ್ತಿವೆ.

ಹಲಗೆ ಎತ್ತಿದ ಮೇಲೆ ಕೆಲಸ ಬೆಳೆಯಿತು. ಗೂಡಿಗೆ ಒಳಗಿಂದ ಪೂರ್ತಿ ತಗಡು ಹೊದೆಸಿ, ಸಂದುಗೊಂದನ್ನೆಲ್ಲ ಅಂಟು ಹಾಕಿ ಮುಚ್ಚಿದರು, ಸೋರಿದರೂ ಒಂದು ಉಸಿರು ಗ್ಯಾಸು ನೀವು ಮಲಗುವ ಕಡೆಗೆ ಬರಬಾರದು ಅಂತ. ಗ್ಯಾಸು ಗಾಳಿಗಿಂತ ಭಾರ, ಕೆಳಗೆ ಹೋಗಿ ಕೂರುತ್ತದೆ, ಅದಕ್ಕೆ ತಳದಲ್ಲಿ ಹೊರಕ್ಕೆ ಕಿಂಡಿ ಇರಲೇಬೇಕು. ಹಳೇ ಕಿಂಡಿ ಇತ್ತು, ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿಬಿಟ್ಟಿತ್ತು! ಎಷ್ಟು ವರ್ಷದಿಂದ ಹಾಗೇ ಇತ್ತೋ ದೇವರೇ ಬಲ್ಲ. ಅದನ್ನು ಕೆರೆದು ತೆಗೆದು, ಇನ್ನಷ್ಟು ಅಗಲ ಮಾಡಿ ಜಾಲರಿ ಹೊಡೆದರು. ರೆಗ್ಯುಲೇಟರ್ ಡಬ್ಬಿಯಷ್ಟೇ ಹಳೆಯದು, ಕಿತ್ತು ಹೊಸದು ಹಾಕಿಸಿದೆ. ಪೈಪೂ ಹೊಸದು. ಹಳೇ ಪೈಪಿನ ತಿರುಪು ಉಲ್ಟಾ ಇತ್ತು, ಬಿಚ್ಚುವ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತಿತ್ತು. ಹೊಸದು ನಮ್ಮ ಡಬ್ಬದ ಮುಚ್ಚಳದ ಹಾಗೆ ಸೀದಾ. ಸಿಲಿಂಡರ್ ಮಾತ್ರ ಅದೇ. ಅದೇನು ತಪ್ಪು ಮಾಡಿತ್ತು? ಈಗ ನೆಟ್ಟಗೆ ನಿಂತಿದೆ, ಅಲುಗಾಡದಂತೆ ಸೊಂಟಕ್ಕೊಂದು ಪಟ್ಟಿ ಬಿಗಿದಿದ್ದಾರೆ. ಗೂಡು ಎತ್ತರವಾದ ಮೇಲೆ ಹಳೇ ಬಾಗಿಲು ಸಾಲಲಿಲ್ಲ. ಹೊಸ ಬಾಗಿಲಿನ ತಗಡನ್ನು ನಿನ್ನ ಗಂಡ ಎರಡು ಸಲ ತಪ್ಪು ಕತ್ತರಿಸಿದ. ಎರಡನೆಯ ಸಲ ದಾನಪ್ಪ "ಎಂಜಿನಿಯರ್ ಸಾಹೇಬ್ರ, ನೀವು ಕಂಪ್ಯೂಟರ್ ಮುಂದ ಕುಂದರ್ರಿ, ತಗಡ ನನಗ ಕೊಡ್ರಿ" ಅಂದ. ನಿರಂಜನ ನಕ್ಕ. ಯುಗಾದಿಯಾದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೋದ ಬುಧವಾರ ನಾನು ಸೋಪಿನ ನೀರು ಕಲಸಿ, ಬ್ರಷ್ ಹಿಡಿದು, ಸಿಲಿಂಡರಿನಿಂದ ಸ್ಟವ್‌ವರೆಗೆ ಒಂದೊಂದು ಜೋಡಣೆಗೂ ಹಚ್ಚಿ ಕೂತೆ. ಒಂದು ಗುಳ್ಳೆ ಬರಲಿಲ್ಲ. ನನ್ನ ಮಾತು ಸಾಲದು ಅಂತ ಗುರುವಾರ ಕ್ಯಾಂಪರುಗಳನ್ನೇ ರಿಪೇರಿ ಮಾಡುವ ಅಂಗಡಿಗೆ ಒಯ್ದೆವು. ಅಲ್ಲಿಯವನು ಪೈಪಿಗೆ ಮೀಟರ್ ಹಾಕಿ ಹತ್ತು ನಿಮಿಷ ನಿಂತ. 'ಏನಾದ್ರೂ ಅಲ್ಲಾಡ್ತಾ?' ಅಂತ ನಾನು ಕನ್ನಡದಲ್ಲೇ ಕೇಳಿದೆ, ಅವನಿಗೆ ಅರ್ಥವಾಯಿತು, ಇಲ್ಲ ಅಂತ ತಲೆಯಾಡಿಸಿದ. ಮುಳ್ಳು ಕದಲಲಿಲ್ಲ. ಅವನು ಸಹಿ ಮಾಡಿ ಕೊಟ್ಟ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಗ್ಯಾಸು ಸೋರಿದರೆ ಕಿರುಚುವ ಪೆಟ್ಟಿಗೆಯನ್ನು ನೆಲದಿಂದ ಒಂದು ಗೇಣು ಮೇಲೆ ಹೊಡೆದಿದ್ದಾರೆ. ನಿನ್ನೆ ನಿರಂಜನ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಹೀಟರ್ ಹಾಕಿಕೊಂಡು ಒಳಗೆ ಬೆವರುತ್ತ ಕೂತು, ಎರಡು ಸಲ ಅನ್ನ ಮಾಡಿ, ಹತ್ತು ಅಕ್ಕಿರೊಟ್ಟಿ ಬೇಯಿಸಿ ನೋಡಿದ. ರೊಟ್ಟಿ ಸೀದಿತ್ತು, ಉರಿಯ ತಪ್ಪಲ್ಲ, ಅವನದೇ.

ಇನ್ನೊಂದು ವಿಷಯ ಹೇಳಬೇಕು. ಕೆಲಸ ಶುರುವಾದ ದಿನವೇ ಅವನು ಮನೆಮುಂದೆ ಡಬ್ಬಿಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದ. "ಮಮ್ಮಿ ಹೂಂ ಅನ್ನೋ ತನಕ ನೀನು ಈ ಗೆರೆ ದಾಟ್ಬಾರ್ದು" ಅಂತ ಇಂಚುಗೆ ಹೇಳಿದ. ಮಳೆ ಬಂದು ಅಳಿಸಿದರೆ ಮತ್ತೆ ಎಳೆಯುತ್ತಾನೆ. ಅವಳು ಗೆರೆಯ ಆಚೆ ಕುರ್ಚಿ ಹಾಕಿಕೊಂಡು ಕೂತು ಅಪ್ಪನಿಗೆ ಸ್ಕ್ರೂಡ್ರೈವರ್ ಎಸೆಯುತ್ತಾಳೆ, ಒಂದು ಹೆಜ್ಜೆ ಒಳಗಿಡುವುದಿಲ್ಲ. ನಾನು ನಿನ್ನೆ, ಬಾರೇ, ಎಲ್ಲ ಸರಿಯಾಯಿತಲ್ಲ, ಅಪ್ಪ ರೊಟ್ಟಿ ಮಾಡುತ್ತಿದ್ದಾನೆ ನೋಡು ಬಾ ಅಂದೆ. "ಮಾಮ್ ಡಿಡಂಟ್ ಸೇ ಯೆಸ್ ಯೆಟ್" ಅಂದಳು. ಅವನೂ ಒಳಗಿಂದ "ಕರೀಬೇಡಮ್ಮ ಅವಳನ್ನ" ಅಂತ ನನ್ನನ್ನೇ ಗದರಿದ. ನಿನಗೆ ಕಾಣದ ಜಾಗದಲ್ಲಿ ನಿನ್ನ ಮಾತು ಹೀಗೆ ನಡೆಯುತ್ತಿದೆ.

ನನ್ನ ವೀಸಾ ಜುಲೈಗೆ ಮುಗಿಯುತ್ತದೆ. ಹೋಗುವ ಮುಂಚೆ ಒಂದು ಶನಿವಾರ ನಿಮ್ಮ ಮೂವರನ್ನೂ ಒಟ್ಟಿಗೆ ನೋಡಬೇಕು ಅಂತ ಆಸೆ. ಶಾಲೆಯ ಅಪ್ಲಿಕೇಶನ್ ಕಳಿಸುವುದಕ್ಕೆ ಮುಂಚೆ ಒಂದು ಸಲ ನೀನೇ ಬಂದು ಗೂಡಿನ ಬಾಗಿಲು ತೆಗೆದು ನೋಡು. ಸೋಪಿನ ನೀರು ನಾನು ಕಲಸಿ ಕೊಡುತ್ತೇನೆ, ಬ್ರಷ್ ನೀನೇ ಹಿಡಿ. ನಿನ್ನ ಕಣ್ಣಿಗೆ ಸರಿ ಕಾಣದಿದ್ದರೆ ನಾನು ಎರಡನೇ ಮಾತಾಡುವುದಿಲ್ಲ. ತುಮಕೂರಿನ ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು, ಅವರ ಸಕ್ಕರೆ ಹೇಗಿದೆ ವಿಚಾರಿಸಿದೆ ಅನ್ನು. ನಿನ್ನ ಕೈಗುಣ ಹೆಚ್ಚಲಿ, ನಿನ್ನ ಕೈಯಲ್ಲಿ ಮಲಗಿದವರೆಲ್ಲ ಎದ್ದು ಮನೆಗೆ ಹೋಗಲಿ. ಹೊಟ್ಟೆ ತುಂಬ ತಿನ್ನು ತಾಯಿ.

ಇಂತಿ ನಿನ್ನ ಅತ್ತೆ,
ಕಾಳಮ್ಮ

ತಾ.ಕ.: ದಾನಪ್ಪ ಬಂದು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಇಷ್ಟು ಹಾಳೆ ತುಂಬಿಸಿಯೂ ಬರೆಯಲೇಬೇಕಾದದ್ದನ್ನು ಬರೆಯಲಿಲ್ಲ, ಅಂಟಿಸಿದ ಕವರ್ ಹರಿದು ಬರೆಯುತ್ತಿದ್ದೇನೆ. ಆ ಸಿಲಿಂಡರ್ ಮಲಗಿಸಿದವನು ನಿರಂಜನ ಅಲ್ಲ ಪವಿತ್ರಾ, ನಾನು. ಅವನು ಅದು ಗೂಡಿನಲ್ಲಿ ನಿಲ್ಲುವುದಿಲ್ಲ ಅಂತ ಗೊತ್ತಾದ ಕೂಡಲೇ ಹೊರಗೆ ಬೆಂಚಿನ ಮೇಲಿಟ್ಟು, "ಅಮ್ಮ, ಇದನ್ನ ಮುಟ್ಬೇಡ, ಅರ್ಧ ಗಂಟೆ ಇರು" ಅಂತ ಹೇಳಿ, ಖಾಲಿ ಸಿಲಿಂಡರ್ ತುಂಬಿಸಿಕೊಂಡು ಬರಲು ಕ್ಯಾಂಪ್‌ಗ್ರೌಂಡಿನ ಅಂಗಡಿಗೆ ನಡೆದುಕೊಂಡು ಹೋಗಿದ್ದ. ಇಂಚು ಅಟ್ಟದಲ್ಲಿ ನಿದ್ದೆಯಲ್ಲಿದ್ದಳು, ಅವಳಿಗೂ ಗೊತ್ತಿಲ್ಲ. ನೀನು ಬರುವ ಹೊತ್ತಾಗುತ್ತಿತ್ತು. ಇಪ್ಪತ್ತಾರು ವರ್ಷ ಗ್ಯಾಸಿನಲ್ಲಿದ್ದವಳು ನಾನು, ನನಗೇ ಮುಟ್ಟಬೇಡ ಅನ್ನುತ್ತಾನಲ್ಲ ಇವನು ಅಂತ ಜಂಬ. ಬೆಂಚಿನಿಂದ ಗೂಡಿಗೆ ಜಾರಿಸಿ ಮಲಗಿಸಿದೆ. ಪೈಪಿನ ತಿರುಪು ಉಲ್ಟಾ ಅಂತ ಅವನು ಬಿಚ್ಚುವಾಗ ನೋಡಿಕೊಂಡಿದ್ದೆ, ನಾನೇ ಬಿಗಿದೆ, ನಾನೇ ಹಚ್ಚಿದೆ. ಎರಡು ಒಬ್ಬಟ್ಟು ಚೆನ್ನಾಗಿ ಬಂದಾಗ ನೋಡಿದೆಯಾ ಅಂತ ಮನಸ್ಸಿನಲ್ಲೇ ಅವನನ್ನು ಹಂಗಿಸಿದೆ. ನೀನು ಬಂದು ಯಾರು ಮಾಡಿದ್ದು ಅಂತ ಕೇಳಿದಾಗ ನಾನು ಬಾಯಿ ತೆರೆಯುವ ಮುಂಚೆ ಅವನು ನಾನೇ ಅಂದುಬಿಟ್ಟ. ಆಮೇಲಾದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನೀನು ಮಗುವನ್ನು ಇನ್ನು ನನ್ನ ಕೈಗೆ ಕೊಡುವುದಿಲ್ಲ ಅಂತ ಹೆದರಿದೆ. "ಅಮ್ಮ, ಊರಿಗೆ ಹೋಗೋ ತನಕ ಸುಮ್ನಿರು, ನಾನು ನೋಡ್ಕೋತೀನಿ" ಅಂದ, ನಾನು ಸುಮ್ಮನಿದ್ದೆ. ಏಳು ವಾರದಿಂದ ಶಾಲೆ ಬಿಟ್ಟು ಬಂದ ಇಂಚುವನ್ನು ಅಪ್ಪ ಬರುವ ತನಕ ನೋಡಿಕೊಳ್ಳುತ್ತಿರುವವಳು ನಾನೊಬ್ಬಳೇ. ಅದು ಯಾರ ಕೈ ಅಂತ ತಾಯಿಯಾದವಳಿಗೆ ಗೊತ್ತಿರಬೇಕು. ಬೇಡ ಅನ್ನಿಸಿದರೆ ನನ್ನ ಟಿಕೆಟ್ಟು ಮುಂಚೆ ಮಾಡಿಸು, ನಾನು ಹೋಗುತ್ತೇನೆ. ಆದರೆ ನನ್ನ ತಪ್ಪಿಗೆ ಮಗುವನ್ನು ಅವಳ ಅಪ್ಪನಿಂದ ಬಿಡಿಸಬೇಡ. ಈ ಹಾಳೆಯ ವಿಷಯ ಅವನಿಗೆ ಗೊತ್ತಿಲ್ಲ. ಓದಿದ ಕೂಡಲೇ ಮೊದಲು ಅವನಿಗೆ ಫೋನ್ ಮಾಡು, ನನ್ನನ್ನು ಆಮೇಲೆ ವಿಚಾರಿಸಿಕೋ.